ತಮಾಷೆಯ ತಟ್ಟೆಗಳನ್ನು ಎಸೆಯಬೇಕೆ?

1950ರ ದಶಕದ ನಡುವೆ ಅಮೆರಿಕದಲ್ಲಿ ರಾಕ್ ಅಂಡ್ ರೋಲ್ ಎಂಬ ಹೊಸ ಸಂಗೀತವು ತಲೆಯೆತ್ತಿ ತರುಣರ ಮನಸ್ಸನ್ನು ಸೂರೆಗೊಂಡಿತು. ಅದರ ಹೆಸರಾಂತ ಗಾಯಕರ ಮುದ್ರಿಕೆಗಳು ಇಂದಿಗೂ ಜೋಪಾನವಾಗಿವೆ. ಆದರೆ ಅವುಗಳ ಮಗ್ಗುಲಲ್ಲಿಯೇ ಇನ್ನೊಂದು ಬಗೆಯ ಗ್ರಾಮಫೋನ್ ತಟ್ಟೆಗಳು ಮಾರಾಟವಾಗುತ್ತಿದ್ದುವು. ಅನ್ಯಗ್ರಹದ ಪ್ರಾಣಿ, ಭೂತಗಳ ಕುಣಿತ, ಮಂತ್ರವಾದಿಯ ಸಲಹೆ—ಇವೇ ಅವುಗಳ ವಸ್ತು. ಕೇವಲ ಹೊಸತನದ ತಮಾಷೆಗಾಗಿ ಮಾಡಿದ ಇವುಗಳಿಗೆ ‘ನಾವೆಲ್ಟಿ ರೆಕಾರ್ಡು’ ಎಂದು ಹೆಸರು. ಕೆಲವು ವಾರ ಜನರನ್ನು ನಗಿಸಿ ಅವುಗಳಲ್ಲಿ ಬಹುಪಾಲು ಮರೆಯಾದುವು. ಇಂಥವನ್ನು ಹುಡುಕಿ ಕಾಪಾಡುವುದು ವ್ಯರ್ಥ ಶ್ರಮವೆನ್ನುವವರುಂಟು. ಅದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ಮೊದಲನೆಯದಾಗಿ, ಈ ತಟ್ಟೆಗಳು ಧ್ವನಿವಿಜ್ಞಾನದ ಪ್ರಯೋಗಗಳು. 1958ರಲ್ಲಿ ರಾಸ್ ಬಗ್ದಸೇರಿಯನ್ ಎಂಬಾತನು ಡೇವಿಡ್ ಸೆವಿಲ್ ಎಂಬ ಹೆಸರಿನಲ್ಲಿ ‘ವಿಚ್ ಡಾಕ್ಟರ್’ ಎಂಬ ಹಾಡನ್ನು ಹೊರತಂದನು. ಅದರಲ್ಲಿ ಮಂತ್ರವಾದಿಯ ಕೀಚುದನಿಯೂ ಅವನದೇ. ಟೇಪನ್ನು ಅರ್ಧ ವೇಗದಲ್ಲಿ ಓಡಿಸುತ್ತ ನಿಧಾನವಾಗಿ ಹಾಡಿ, ಬಳಿಕ ಪೂರ್ಣ ವೇಗದಲ್ಲಿ ನುಡಿಸಿದರೆ ಲಯವು ಸರಿಹೋಗುತ್ತದೆ; ಶ್ರುತಿ ಮಾತ್ರ ಒಂದು ಸ್ಥಾಯಿ ಮೇಲೇರುತ್ತದೆ. ಸೆಕೆಂಡಿಗೆ 200 ಸಲ ಕಂಪಿಸಿದ ಸ್ವರವು ಈಗ 400 ಸಲ ಕಂಪಿಸುತ್ತದೆ.

ಹಾಗಾದರೆ ಗಾಯಕನೇ ತಾರಸ್ಥಾಯಿಯಲ್ಲಿ ಹಾಡಿದ್ದರೆ ಸಾಲದಿತ್ತೆ? ಸಾಲದು. ಸ್ವರವನ್ನು ಏರಿಸಿದ ಮಾತ್ರಕ್ಕೆ ಗಂಟಲು ಬಾಯಿಗಳ ಪೊಳ್ಳು ಅರ್ಧಕ್ಕೆ ಇಳಿಯುವುದಿಲ್ಲ. ಅದರ ಅನುರಣನದಿಂದ ಹಾಡುವವನು ದೊಡ್ಡವನೆಂದು ಕಿವಿ ಗುರುತಿಸಿಬಿಡುತ್ತದೆ. ಟೇಪಿನ ವೇಗವು ಇಮ್ಮಡಿಯಾದಾಗಲಾದರೋ ಅನುರಣನದ ಕಂಪನಸಂಖ್ಯೆಗಳೂ ಇಮ್ಮಡಿಸುತ್ತವೆ. ಆದುದರಿಂದಲೇ ಪುಟ್ಟ ಗಂಟಲಿನ ಜೀವಿಯೊಂದು ಹಾಡಿದಂತೆ ನಮಗೆ ಭಾಸವಾಗುವುದು. ಇದೇ ಉಪಾಯದಿಂದ ಅವನು ಅದೇ ವರ್ಷ ‘ದಿ ಚಿಪ್‌ಮಂಕ್ ಸಾಂಗ್’ ಎಂಬ ಅಳಿಲುಗಳ ಹಾಡನ್ನು ಮಾಡಿದನು. 1959ರಲ್ಲಿ ನಡೆದ ಪ್ರಥಮ ಗ್ರ್ಯಾಮಿ ಸಮಾರಂಭದಲ್ಲಿ ಅದಕ್ಕೆ ಮೂರು ಬಹುಮಾನಗಳು ದೊರೆತುವು; ಅವುಗಳಲ್ಲಿ ಒಂದು ಧ್ವನಿಮುದ್ರಣದ ತಾಂತ್ರಿಕ ಕೌಶಲಕ್ಕೆ ಸಂದಿತು.

ಇನ್ನೊಂದು ಉದಾಹರಣೆ, 1956ರಲ್ಲಿ ಬುಕ್ಯಾನನ್ ಮತ್ತು ಗುಡ್‌ಮನ್ ಹೊರತಂದ ‘ದಿ ಫ್ಲೈಯಿಂಗ್ ಸಾಸರ್’. ಇದು ಹಾರುವ ತಟ್ಟೆ ಬಂದಿಳಿದುದರ ಬಗೆಗೆ ಒಂದು ಅಣಕು ರೇಡಿಯೋ ವಾರ್ತೆ. ವರದಿಗಾರನ ಪ್ರಶ್ನೆಗಳಿಗೆ ಆ ಕಾಲದ ಜನಪ್ರಿಯ ಹಾಡುಗಳ ತುಣುಕುಗಳೇ ಉತ್ತರ! ಹಾಡುಗಳ ಹಕ್ಕುದಾರರು ನ್ಯಾಯಾಲಯದ ಮೆಟ್ಟಿಲೇರಿದರು. ಪರರ ಧ್ವನಿಯ ತುಣುಕನ್ನು ಹೊಸ ಕೃತಿಯಲ್ಲಿ ಬಳಸುವುದು ಎಷ್ಟರಮಟ್ಟಿಗೆ ಸರಿ ಎಂಬ ಆ ಪ್ರಶ್ನೆಯು ಕಂಪ್ಯೂಟರಿನ ಈ ಕಾಲದಲ್ಲಿಯೂ ಬಗೆಹರಿದಿಲ್ಲ.

ಎರಡನೆಯದಾಗಿ, ವಿಜ್ಞಾನದ ವಾರ್ತೆಯನ್ನು ಜನಸಾಮಾನ್ಯರು ಹೇಗೆ ಬರಮಾಡಿಕೊಂಡರೆಂಬುದಕ್ಕೆ ಇವು ಸಾಕ್ಷಿ. 1947ರಲ್ಲಿ ಕೆನೆತ್ ಆರ್ನಲ್ಡ್ ಎಂಬ ವಿಮಾನ ಚಾಲಕನ ಹೇಳಿಕೆಯಿಂದ ‘ಹಾರುವ ತಟ್ಟೆ’ ಎಂಬ ಮಾತು ಪತ್ರಿಕೆಗಳಲ್ಲಿ ಹಬ್ಬಿತು. ಹತ್ತು ವರ್ಷಗಳ ತರುವಾಯ ಬಿಲ್ಲಿ ಲೀ ರೈಲಿ ಅದನ್ನು ರಾಕ್ ಅಂಡ್ ರೋಲ್ ಹಾಡಾಗಿಸಿದನು. 1957ರ ಅಕ್ಟೋಬರ್ 4ರಂದು ಸ್ಪುಟ್ನಿಕ್ ಬಾನಿಗೇರಿತು. ಆ ವರ್ಷವೇ ಅದರ ಹೆಸರು ಹೊತ್ತ ಹಾಡೂ ಬಂದಿತು. ರಾಜಕಾರಣಿಗಳ ಆತಂಕವನ್ನು ಸರಕಾರದ ಕಡತಗಳು ತಿಳಿಸುತ್ತವೆ. ಅದೇ ಉಪಗ್ರಹವನ್ನು ತರುಣರು ಕುಣಿತಕ್ಕೆ ನೆಪಮಾಡಿಕೊಂಡರೆಂಬುದನ್ನು ಇಂಥ ತಟ್ಟೆಗಳೇ ತಿಳಿಸಬೇಕು.

ಇವುಗಳಲ್ಲಿ ಅನೇಕವು ಸಂಗೀತದ ದೃಷ್ಟಿಯಿಂದ ಕಳಪೆಯೆಂಬುದು ನಿಜ. ಆದರೆ ಒಂದು ಕಾಲದ ಅಭಿರುಚಿಯನ್ನೇ ಜರಡಿ ಮಾಡಿಕೊಂಡರೆ ಮುಂದಿನವರಿಗೆ ಬೇಕಾದುದು ಸೋರಿಹೋಗಬಹುದು. ಪ್ರಸಿದ್ಧವಾದ ತಟ್ಟೆಗಳ ಚಿಂತೆ ನಮಗಿಲ್ಲ. ಸಣ್ಣ ಕಂಪೆನಿಗಳು ಅಲ್ಪಸಂಖ್ಯೆಯಲ್ಲಿ ಅಚ್ಚುಹಾಕಿದವು ಅಪಾಯದಲ್ಲಿವೆ. ಮೂಲ ಟೇಪುಗಳು ಶಾಶ್ವತವಲ್ಲ. 2008ರ ಜೂನ್ 1ರಂದು ಹಾಲಿವುಡ್ಡಿನ ಯೂನಿವರ್ಸಲ್ ಸ್ಟುಡಿಯೋದಲ್ಲಿ ಬೆಂಕಿ ಬಿದ್ದು ಅನೇಕ ಮೂಲ ಟೇಪುಗಳು ಸುಟ್ಟುಹೋದುವು. ಟೇಪು ಹೋದ ಮೇಲೆ ಉಳಿಯುವುದು ತಟ್ಟೆಯೊಂದೇ. 45 ಸುತ್ತಿನ ತಟ್ಟೆಗಳಲ್ಲಿ ಅನೇಕವು ಪಾಲಿಸ್ಟೈರೀನಿನವು. ಮುಳ್ಳು ಹಾಯ್ದಷ್ಟೂ ಅವುಗಳ ಗೆರೆ ಸವೆಯುತ್ತದೆ.

ಇದಕ್ಕೆ ವಿಜ್ಞಾನವು ಪರಿಹಾರವನ್ನೂ ಒದಗಿಸಿದೆ. ಲಾರೆನ್ಸ್ ಬರ್ಕ್ಲಿ ಪ್ರಯೋಗಶಾಲೆಯ ಭೌತವಿಜ್ಞಾನಿ ಕಾರ್ಲ್ ಹೇಬರ್ ಮತ್ತು ಸಂಗಡಿಗರು ರೂಪಿಸಿದ ‘ಐರೀನ್’ ಎಂಬ ಯಂತ್ರವು ತಟ್ಟೆಗೆ ಮುಳ್ಳನ್ನು ಸೋಕಿಸುವುದೇ ಇಲ್ಲ. ಗೆರೆಗಳ ಸೂಕ್ಷ್ಮ ಚಿತ್ರ ತೆಗೆದು, ಮುಳ್ಳು ಹೇಗೆ ಅಲುಗಾಡುತ್ತಿತ್ತೆಂಬುದನ್ನು ಗಣಿಸಿ, ಧ್ವನಿಯನ್ನು ಮರಳಿ ಕೊಡುತ್ತದೆ. ಬಿರುಕುಬಿಟ್ಟ ತಟ್ಟೆಯೂ ಅದಕ್ಕೆ ಓದಬಲ್ಲ ಪುಸ್ತಕವೇ.

ಉಳಿದಿರುವುದು ಮನುಷ್ಯರ ಸಂಕಲ್ಪ. ಅಮೆರಿಕದಲ್ಲಿ 2018ರ ಕಾನೂನಿನಂತೆ, 1957ರಲ್ಲಿ ಪ್ರಕಟವಾದ ತಟ್ಟೆಯ ಹಕ್ಕು 2067ರ ಫೆಬ್ರವರಿ 15ರವರೆಗೆ ಉಳಿಯುತ್ತದೆ. ಅಷ್ಟು ಕಾಲ ಕಾದರೆ ಎಷ್ಟು ತಟ್ಟೆಗಳು ಉಳಿದಾವು? ಆದರೆ ವ್ಯಾಪಾರದಲ್ಲಿಲ್ಲದ ಹಳೆಯ ಮುದ್ರಿಕೆಗಳನ್ನು, ನಿಯಮದಂತೆ ಮೊದಲೇ ತಿಳಿಸಿ, ಲಾಭದ ಉದ್ದೇಶವಿಲ್ಲದೆ ಬಳಸಲು ಅದೇ ಕಾನೂನು ಅವಕಾಶವಿತ್ತಿದೆ. 1970ರಿಂದ ಡಾಕ್ಟರ್ ಡಿಮೆಂಟೊ ಎಂಬ ಹೆಸರಿನಲ್ಲಿ ಬ್ಯಾರಿ ಹ್ಯಾನ್ಸೆನ್ ರೇಡಿಯೋದಲ್ಲಿ ಈ ಹಾಡುಗಳನ್ನು ಕೇಳಿಸುತ್ತ ಬಂದು, ಒಬ್ಬ ವ್ಯಕ್ತಿಯಿಂದಲೂ ಎಷ್ಟು ಸಾಧ್ಯವೆಂಬುದನ್ನು ತೋರಿಸಿದನು. ಗ್ರಂಥಾಲಯಗಳೂ ವಿಶ್ವವಿದ್ಯಾನಿಲಯಗಳೂ ಈಗ ಆ ಹೊಣೆಯನ್ನು ಹೊರಬೇಕು.

ಯೋಗ್ಯತೆಯ ತೀರ್ಪನ್ನು ನಾಳೆಯೂ ಕೊಡಬಹುದು. ಸವೆದುಹೋದ ಗೆರೆಯನ್ನು ನಾಳೆ ಮರಳಿ ಕೊರೆಯಲಾಗದು. ಆದುದರಿಂದ ಮೊದಲು ಸಂರಕ್ಷಣೆ, ಆಮೇಲೆ ವಿಮರ್ಶೆ. ತರುಣ ಓದುಗರು ಇಂಥ ಹಾಡೊಂದು ಕಿವಿಗೆ ಬಿದ್ದಾಗ ನಕ್ಕು ಸುಮ್ಮನಾಗದೆ, ಆ ಧ್ವನಿಯನ್ನು ಹೇಗೆ ಮಾಡಿದರೆಂದು ಒಂದು ಕ್ಷಣ ವಿಚಾರಿಸಲಿ.