‘ದೈತ್ಯ ದಂಪತಿಗಳು’ ಎಂಬ ಒಕ್ಕಣೆ

ಪತ್ರಿಕೆಗಳ ‘ಜಗತ್ತಿನ ಸೋಜಿಗಗಳು’ ಎಂಬಂಥ ಮೂಲೆಯಲ್ಲಿ ಹಳೆಯ ಛಾಯಾಚಿತ್ರವೊಂದು ಆಗಾಗ ತಲೆಯೆತ್ತುವುದುಂಟು: ಭಾರಿ ಎತ್ತರದ ಗಂಡಹೆಂಡಿರು, ನಡುವೆ ಸಾಮಾನ್ಯ ಎತ್ತರದ ಮನುಷ್ಯನೊಬ್ಬ. ಕೆಳಗೆ ‘ದೈತ್ಯ ದಂಪತಿಗಳು’ ಎಂಬ ಒಕ್ಕಣೆ, ಅಡಿ ಅಂಗುಲಗಳ ಲೆಕ್ಕ. ಓದುಗರು ನಕ್ಕು ಹಾಳೆ ತಿರುವುತ್ತಾರೆ. ಈ ಒಕ್ಕಣೆಗೆ ನನ್ನ ಆಕ್ಷೇಪಣೆಯಿದೆ.

ದೈತ್ಯರೆಂದರೆ ದಿತಿಯ ಮಕ್ಕಳು, ದೇವತೆಗಳ ಹಗೆಗಳು. ಆ್ಯನಾ ಸ್ವಾನ್ ಯಾವ ದಿತಿಯ ಮಗಳೂ ಅಲ್ಲ. 1846ರಲ್ಲಿ ಕೆನಡಾದ ನೋವಾ ಸ್ಕೋಷಿಯಾದಲ್ಲಿ ಸಾಧಾರಣ ಎತ್ತರದ ತಾಯಿತಂದೆಗಳಿಗೆ ಹುಟ್ಟಿದ ಹೆಣ್ಣುಮಗಳು. ಉಪಾಧ್ಯಾಯಿನಿಯಾಗಬೇಕೆಂದು ಟ್ರೂರೋ ಊರಿನ ತರಬೇತಿ ಶಾಲೆಗೆ ಹೋದಳು. ಜನ ದಿಟ್ಟಿಸುವ ಕಾಟ ತಾಳಲಾರದೆ ಮನೆಗೆ ಮರಳಿದಳು. ಬಳಿಕ ಬಂದದ್ದು ನ್ಯೂಯಾರ್ಕಿನ ಬಾರ್ನಮ್ಮನ ಪ್ರದರ್ಶನಾಲಯದ ಕರೆ. ಏಳಡಿ ಮೀರಿದ ಅವಳನ್ನು ಕುಳ್ಳರ ಪಕ್ಕದಲ್ಲಿ ನಿಲ್ಲಿಸಿ ಟಿಕೆಟ್ಟು ಮಾರಿದರು; ಅದೂ ಸಾಲದೆ ಜಾಹೀರಾತಿನಲ್ಲಿ ಎಂಟಡಿ ದಾಟಿಸಿದರು.

‘ಸಂಬಳ ಸಿಕ್ಕಿತು, ಪಾಠ ಹೇಳಿಸುವ ಕರಾರೂ ಇತ್ತು, ಕೊನೆಗೆ ವರನೂ ಸಿಕ್ಕಿದ, ತಪ್ಪೇನು?’ ಎನ್ನುವವರಿದ್ದಾರೆ. ದಿಟ, ಸಿಕ್ಕಿದುವು. ಆದರೆ ಶಾಲೆಯ ಬಾಗಿಲನ್ನು ಮುಚ್ಚಿದುದು ಬೀದಿಯ ಕಣ್ಣುಗಳು. ಅಂಥವೇ ಕಣ್ಣುಗಳು ಮುಂದೆ ದುಡ್ಡು ತೆತ್ತು ನೋಡಲು ಬಂದುವು. ಉಳಿದೊಂದೇ ಬಾಗಿಲಿನಲ್ಲಿ ನಡೆದವಳನ್ನು ಕುರಿತು ‘ಅವಳ ಇಷ್ಟ’ ಎನ್ನುವುದು ಯಾವ ನ್ಯಾಯ?

ಇನ್ನು ಅವಳ ಒಲವಿನ ಮಾತು. ಕೆಂಟಕಿಯ ಮಾರ್ಟಿನ್ ಬೇಟ್ಸನೂ ಏಳಡಿ ಮೀರಿದವನೇ. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರ ಪಕ್ಷದಲ್ಲಿ ಕಾದಿದವನು. 1871ರ ಜೂನ್ 17ರಂದು ಲಂಡನ್ನಿನ ಸೇಂಟ್ ಮಾರ್ಟಿನ್ ಇನ್ ದ ಫೀಲ್ಡ್ಸ್ ಚರ್ಚಿನಲ್ಲಿ ಇವರ ಮದುವೆಯಾಯಿತು. ವಿಕ್ಟೋರಿಯಾ ರಾಣಿಯೂ ಉಡುಗೊರೆಯಿತ್ತಳು. ಇದು ಬರಿಯ ವ್ಯಾಪಾರದ ಜೋಡಿಯೆಂದು ಹಗುರವಾಗಿ ಆಡುವವರು ಮುಂದಿನದನ್ನೂ ಓದಬೇಕು. ದಂಪತಿಗಳು ಒಹಾಯೊದ ಸೆವಿಲ್ ಎಂಬ ಸಣ್ಣ ಊರಿನಲ್ಲಿ ಜಮೀನು ಕೊಂಡು, 14 ಅಡಿ ಎತ್ತರದ ಒಳಮಾಳಿಗೆಯ ಮನೆ ಕಟ್ಟಿಸಿದರು. ಅಲ್ಲಿ ಬಾಗಿಲಿಗೆ ತಲೆ ತಗ್ಗಿಸಬೇಕಾಗಿರಲಿಲ್ಲ. ಕುರ್ಚಿ ಮಂಚಗಳೂ ಅವರ ಅಳತೆಯವೇ. ಬರಿಯ ವ್ಯಾಪಾರಕ್ಕೆ ಜೊತೆಯಾದವರು ರಂಗದಿಂದ ದೂರ ಇಂಥ ಗೂಡು ಕಟ್ಟುತ್ತಾರೆಯೆ?

ಮೊದಲ ಮಗು 1872ರಲ್ಲಿ ಹುಟ್ಟುವಾಗಲೇ ಉಸಿರಿರಲಿಲ್ಲ. 1879ರ ಜನವರಿಯಲ್ಲಿ ಹುಟ್ಟಿದ ಮಗ ಒಂದು ದಿನವೂ ಬದುಕಲಿಲ್ಲ. ದಾಖಲೆಯ ಪುಸ್ತಕಗಳು ಇಂದಿಗೂ ಆ ಕೂಸಿನ ತೂಕವನ್ನು, ಸುಮಾರು 22 ಪೌಂಡು ಎಂದು, ಹೆಮ್ಮೆಯಿಂದ ಅಚ್ಚು ಹಾಕುತ್ತವೆ. ಅದೇ ಬೇಸಗೆಯಲ್ಲಿ ಗಂಡಹೆಂಡಿರು ಕೋಲ್ ಎಂಬವನ ಸರ್ಕಸ್ಸಿನೊಡನೆ ಮತ್ತೆ ಊರೂರು ತಿರುಗಿದರು. ಮಡಿಲು ಬರಿದಾದ ತಾಯಿ ಡೇರೆಯೊಳಗೆ ನಿಂತಾಗ ನೆರೆದವರು ಅಳೆದುದು ಏನನ್ನು?

1888ರಲ್ಲಿ, 42 ತುಂಬುವ ಮುನ್ನವೇ, ಆ್ಯನಾ ತೀರಿಕೊಂಡಳು. ಬೇಟ್ಸ್ ಅವಳ ಸಮಾಧಿಯ ಮೇಲೆ ಪ್ರತಿಮೆಯೊಂದನ್ನು ನಿಲ್ಲಿಸಿದ. 1897ರಲ್ಲಿ ಅವನು ಮತ್ತೆ ಮದುವೆಯಾದುದು ಸಾಧಾರಣ ಎತ್ತರದ ಹೆಂಗಸನ್ನು. ಎತ್ತರಕ್ಕೆ ಎತ್ತರವೇ ಜೋಡಿಯೆಂಬ ಸಿದ್ಧಾಂತಕ್ಕೆ ಬೇರೆ ಉತ್ತರ ಬೇಕೆ?

ನಾನು ಕನಿಕರವನ್ನು ಬೇಡುತ್ತಿಲ್ಲ. ಕನಿಕರವೂ ಮೇಲಿನಿಂದ ಕೆಳಕ್ಕೆ ನೋಡುವ ನೋಟವೇ. ಕೇಳುವುದು ಇಷ್ಟೆ: ಇನ್ನೊಮ್ಮೆ ಆ ಚಿತ್ರ ಅಚ್ಚಾಗುವಾಗ ‘ದೈತ್ಯ’ ಎಂಬ ಮಾತು ಅಳಿಯಲಿ, ಅಂಗುಲಗಳ ಲೆಕ್ಕಕ್ಕಿಂತ ಮೊದಲು ಇಬ್ಬರ ಹೆಸರಿರಲಿ. ಗುಣವಂತನನ್ನು ‘ಎತ್ತರದ ಮನುಷ್ಯ’ ಎಂದು ಹೊಗಳುವ ಭಾಷೆ ನಮ್ಮದು. ನಿಜವಾಗಿಯೇ ಎತ್ತರವಾಗಿದ್ದವರನ್ನು ಮನುಷ್ಯರೆನ್ನಲು ಅದು ಹಿಂದೆಗೆಯಬೇಕಾಗಿಲ್ಲ.