ಲೆಕ್ಕಕ್ಕೆ ಬಾರದ ಮರಿ ಜೇಡ

ನಮ್ಮನೇಲಿ ಜೇಡರ ಬಲೆ ಕಂಡ್ರೆ ಸಾಕು, ಅಮ್ಮನ ಕೈಗೆ ಪೊರಕೆ ಬರ್ತಿತ್ತು. ಅಂಥ ಮನೇಲಿ ಬೆಳೆದ ನಾನು ಶನಿವಾರ ರಾತ್ರಿ ಹಣೆಗೆ ಟಾರ್ಚ್ ಕಟ್ಟಿಕೊಂಡು ಜೇಡ ಹುಡುಕೋಕೆ ಹೋಗಿದ್ದೆ ಅಂದ್ರೆ ನಂಬ್ತೀರಾ?

ಜಾಗ, ನಾನು ಕೆಲಸಕ್ಕಿರುವ ಸಿಂಗಪುರದ ಬುಕಿತ್ ತಿಮಾ ಕಾಡು. 163 ಮೀಟರ್ ಎತ್ತರದ ಗುಡ್ಡ, ಸುತ್ತ ಸುಮಾರು 400 ಎಕರೆ ಮಳೆಕಾಡು. 1854ರಲ್ಲಿ ಆಲ್ಫ್ರೆಡ್ ರಸೆಲ್ ವಾಲೇಸ್ ಇಲ್ಲಿ ಎರಡೇ ತಿಂಗಳಲ್ಲಿ ಸುಮಾರು 700 ಬಗೆಯ ಬೀಟಲ್ ಹುಳ ಹಿಡಿದಿದ್ದರು. ಇಲ್ಲಿನ ಜೇಡಗಳನ್ನು ಜನಕ್ಕೆ ಪರಿಚಯಿಸಿದ್ದು ಜೋಸೆಫ್ ಕೋ. ವೃತ್ತಿಯಲ್ಲಿ ರಾಜತಾಂತ್ರಿಕ, ಬಿಡುವು ಸಿಕ್ಕರೆ ಜೇಡ! 1989ರಲ್ಲಿ ಸಿಂಗಪುರದ ಜೇಡಗಳ ಬಗ್ಗೆ ಕೈಪಿಡಿಯನ್ನೇ ಬರೆದರು.

ಅನುಮತಿ ಪಡೆದ ತಂಡವೊಂದರ ಜೊತೆ ನಾನು ಹೋಗಿದ್ದೆ. ಗಣತಿ ಅಂದ್ರೆ ದೊಡ್ಡ ಯಂತ್ರ ಏನಿಲ್ಲ. ಕೊಂಬೆಯ ಕೆಳಗೆ ಛತ್ರಿ ಬೋರಲು ಹಿಡಿದು ಮೇಲಿಂದ ಕೋಲಲ್ಲಿ ಬಡಿಯೋದು. ತರಗೆಲೆಯನ್ನು ಜರಡಿ ಹಿಡಿಯೋದು. ರಾತ್ರಿ ನೆಲಕ್ಕೆ ಟಾರ್ಚ್ ಬಿಟ್ಟರೆ ತೋಳ ಜೇಡಗಳ ಕಣ್ಣು ಇಬ್ಬನಿ ಹನಿಯಂತೆ ಮಿಂಚುತ್ತೆ. ಸಿಕ್ಕಿದ್ದು ಆಲ್ಕೋಹಾಲ್ ಸೀಸೆಗೆ, ಜೊತೆಗೆ ಜಾಗ, ದಿನ ಬರೆದ ಚೀಟಿ. ಚೀಟಿ ಇಲ್ಲದಿದ್ರೆ ಅದು ಬರೀ ಸತ್ತ ಜೇಡ.

ಒಂದು ಗಂಟೆ ಬೆವರು ಸುರಿಸಿದ ಮೇಲೆ ಎಲೆಯಡಿ ನನಗೊಂದು ಹಸಿರು ಜೇಡ ಸಿಕ್ತು. ಅಕ್ಕಿಕಾಳಿಗಿಂತ ಚಿಕ್ಕದು. ಹೊಸ ಪ್ರಭೇದವೇ ಇರಬೇಕು ಅಂತ ಎದೆ ಡವಡವ. ತಂಡದ ಹಿರಿಯರು, ನಾವೆಲ್ಲ ‘ಅಂಕಲ್’ ಅಂತೀವಿ, ಭೂತಗನ್ನಡಿ ಹಿಡಿದು ನೋಡಿ, “ಮರಿ. ಬಿಟ್ಟುಬಿಡು” ಅಂದ್ರು.

ಕಾರಣ ಇದೆ. ಬಹಳಷ್ಟು ಜೇಡಗಳ ಪ್ರಭೇದ ಖಚಿತವಾಗೋದು ಬೆಳೆದ ಮೇಲೆ, ಜನನಾಂಗದ ಆಕಾರ ನೋಡಿ. ಸಿಗೋದರಲ್ಲಿ ಹೆಚ್ಚಿನವು ಮರಿಗಳೇ. ಅವುಗಳಿಗೆ ಹೆಸರು ಹೇಳೋದು ಕಷ್ಟ, ಹೆಸರಿಲ್ಲದ್ದು ಪಟ್ಟಿಗೆ ಬರಲ್ಲ.

“ಪಟ್ಟಿ ಯಾಕಂಕಲ್ ಅಷ್ಟು ಮುಖ್ಯ?” ಅಂದೆ. ಅವರು ದೂರದ ವಾಹನಗಳ ಸದ್ದಿನ ಕಡೆ ಕೈ ತೋರಿಸಿದ್ರು. 1986ರಲ್ಲಿ ಆ ಹೆದ್ದಾರಿ ಮುಗಿದಾಗ ಈ ಕಾಡು ಪಕ್ಕದ ದೊಡ್ಡ ಕಾಡಿನಿಂದ ಬೇರೆಯಾಯ್ತು. ಪ್ರಾಣಿಗಳು ದಾಟೋಕೆ ಅದರ ಮೇಲೆ ಹಸಿರು ಸೇತುವೆ ಬಂದಿದ್ದು 2013ರಲ್ಲಿ. ಕೆಲವು ಜೇಡದ ಮರಿಗಳು ಗಾಳಿಗೆ ನೂಲು ಬಿಟ್ಟು ಹಾರಿ ಹೋಗ್ತವೆ. ನೆಲದ ಬಿಲದಲ್ಲಿರುವ ಹಲವು ಜೇಡಗಳು ಹುಟ್ಟಿದ ಜಾಗದಿಂದ ಹೆಚ್ಚು ದೂರ ಹೋಗೋದೇ ಇಲ್ಲ. ಯಾವುದು ಎಲ್ಲಿತ್ತು ಅಂತ ಬರೆದಿಡದಿದ್ರೆ, ಅದು ಕಾಣೆಯಾದಾಗ ಕಾಣೆಯಾಯ್ತು ಅಂತ ಹೇಳೋರೂ ಇರಲ್ಲ.

ಮರಿಯನ್ನು ಅದೇ ಎಲೆಯ ಮೇಲೆ ಬಿಟ್ಟೆ. ಆ ರಾತ್ರಿಯ ಪಟ್ಟಿಯಲ್ಲಿ ಅದಿಲ್ಲ. ಆದ್ರೆ ಕಾಡಲ್ಲಿದೆ.

ಮನೆಗೆ ಬಂದು ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. “ಸರಿ ಕಣೆ, ಬಚ್ಚಲುಮನೆ ಮೂಲೇದು ಇರ್ಲಿ ಬಿಡು, ದೇವರ ಮನೇದು ಮಾತ್ರ ತೆಗೀತೀನಿ” ಅಂದ್ಲು. ಸದ್ಯಕ್ಕೆ ಅಷ್ಟು ಸಾಕು.