ಎರಡನೆಯ ಮಳೆಗಾಲದ ಭಯಕ್ಕೆ ಪರಿಹಾರವೆಲ್ಲಿ?

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಗುಡ್ಡಗಳು ಜರಿದವು. ಮರುವರ್ಷ ವಿರಾಜಪೇಟೆ ತಾಲ್ಲೂಕಿನ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ, 2024ರ ಜುಲೈನಲ್ಲಿ ಉತ್ತರ ಕನ್ನಡದ ಶಿರೂರು. ಪ್ರತಿ ಸಲವೂ ನಮ್ಮ ಲೆಕ್ಕ ಒಂದೇ: ಸತ್ತವರೆಷ್ಟು, ಬಿದ್ದ ಮನೆಗಳೆಷ್ಟು, ಪರಿಹಾರವೆಷ್ಟು. ಸಂತ್ರಸ್ತರ ಮನಸ್ಸಿನ ಆರೈಕೆ ಕಾಳಜಿ ಕೇಂದ್ರದ ಬಾಗಿಲು ಮುಚ್ಚುವವರೆಗಿನ ಮಾತು. ಆದರೆ ಮನಸ್ಸು ಕುಸಿಯುವುದು ಹೆಚ್ಚಾಗಿ ಆ ಬಾಗಿಲು ಮುಚ್ಚಿದ ಮೇಲೆಯೇ. ಅಮೆರಿಕದ ಕತ್ರಿನಾ ಚಂಡಮಾರುತದ (2005) ಸಂತ್ರಸ್ತರನ್ನು ಸಂಶೋಧಕರು ಮೊದಲು ಮಾತಾಡಿಸಿದಾಗ ಶೇ 15ರಷ್ಟು ಮಂದಿಯಲ್ಲಿ ಆಘಾತೋತ್ತರ ಒತ್ತಡದ ಲಕ್ಷಣಗಳಿದ್ದವು. ಸುಮಾರು ಒಂದು ವರ್ಷದ ಬಳಿಕ ಅದೇ ಜನರಲ್ಲಿ ಅದು ಇಳಿಯುವ ಬದಲು ಶೇ 21ಕ್ಕೆ ಏರಿತ್ತು. ಕೊಡಗಿನಲ್ಲೂ ಹೀಗಾಗಲು ಕಾರಣ ಹುಡುಕುವುದು ಕಷ್ಟವೇನಲ್ಲ. ಮನೆಯನ್ನು ಸರ್ಕಾರ ಕಟ್ಟಿಕೊಡಬಹುದು, ಕೊಚ್ಚಿಹೋದ ಮೇಲ್ಮಣ್ಣನ್ನು ಯಾರು ತಂದುಕೊಟ್ಟಾರು? ಹೊಸದಾಗಿ ನೆಟ್ಟ ಕಾಫಿ ಗಿಡ ಫಸಲಿಗೆ ಬರಲು ಮೂರು-ನಾಲ್ಕು ವರ್ಷ ಬೇಕು; ಬ್ಯಾಂಕಿನ ಕಂತು ಅಷ್ಟು ಕಾಯುವುದಿಲ್ಲ. ತೋಟದ ಲೈನ್‌ಮನೆಯ ಕಾರ್ಮಿಕನಿಗಂತೂ ಕಳೆದುಕೊಂಡದ್ದನ್ನು ತೋರಿಸಲು ಪಹಣಿಯೂ ಇಲ್ಲ. ಇದರ ಮೇಲೆ ಪ್ರತಿ ಜೂನ್‌ನಲ್ಲೂ ಮಳೆ ಮತ್ತೆ ಬರುತ್ತದೆ.

ನಮ್ಮ ಜನ ಗಟ್ಟಿಗರು, ಬಂಧುಬಳಗ ಇದೆ, ತಾವಾಗಿಯೇ ಸುಧಾರಿಸಿಕೊಳ್ಳುತ್ತಾರೆ ಎನ್ನುವವರಿದ್ದಾರೆ. ಬಹುಪಾಲು ಮಂದಿಯ ಮಟ್ಟಿಗೆ ಇದು ನಿಜವೂ ಹೌದು. ಎಲ್ಲರಿಗೂ ಮಾತ್ರೆ ಕೊಡಿ ಎಂದು ಯಾರೂ ಕೇಳುತ್ತಿಲ್ಲ. ಸುಧಾರಿಸಿಕೊಳ್ಳದವರು ಯಾರೆಂದು ಗುರುತಿಸಲು ಊರಿನಲ್ಲೇ ಒಬ್ಬರು ಬೇಕು, ಅಷ್ಟೆ. ಮೇಲಾಗಿ, ಪುನರ್ವಸತಿಯ ಹೆಸರಿನಲ್ಲಿ ಅಕ್ಕಪಕ್ಕದವರನ್ನು ಬೇರೆ ಬೇರೆ ಬಡಾವಣೆಗೆ ಹಂಚಿದ ಮೇಲೆ ಆ ಬಂಧುಬಳಗವಾದರೂ ಎಲ್ಲಿ ಉಳಿಯುತ್ತದೆ? ಟೆಲಿ ಮಾನಸ್ ಸಹಾಯವಾಣಿ (14416) ಇದೆಯಲ್ಲ ಎಂಬ ಮಾತೂ ಇದೆ. ಅದು ಒಳ್ಳೆಯ ವ್ಯವಸ್ಥೆಯೇ, ಆದರೆ ಯಾರೊಡನೆಯೂ ಮಾತು ಬೇಡವಾಗಿ ಕೂತವರು ತಾವಾಗಿ ಫೋನು ಮಾಡುವುದು ಅಪರೂಪ.

ಮನೋವೈದ್ಯರ ಕೊರತೆ ಗಂಭೀರವಾದ ಆಕ್ಷೇಪ. ಅದಕ್ಕೆ ಉತ್ತರ ನಮ್ಮ ರಾಜ್ಯದಲ್ಲೇ ಇದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ಒಯ್ದಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಅದೇ ರೀತಿ ಆಶಾ ಕಾರ್ಯಕರ್ತೆಯರಿಗೆ ತರಬೇತಿಯನ್ನೂ, ಈ ಕೆಲಸಕ್ಕೆಂದೇ ಹೆಚ್ಚುವರಿ ಗೌರವಧನವನ್ನೂ ಕೊಟ್ಟು (ಬಿಟ್ಟಿ ಹೊರೆ ಅವರ ಮೇಲೆ ಈಗಾಗಲೇ ಸಾಕಷ್ಟಿದೆ) ಸಂತ್ರಸ್ತ ಕುಟುಂಬಗಳನ್ನು ಕನಿಷ್ಠ ಐದು ವರ್ಷ ಭೇಟಿ ಮಾಡಿಸಬಹುದು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಮನೋಸಾಮಾಜಿಕ ನೆರವಿಗೆ ಮಾರ್ಗಸೂಚಿ ಹೊರಡಿಸಿದ್ದು 2009ರಲ್ಲೇ. ಮುಂದಿನ ಮುಂಗಾರಿಗೆ ಮುನ್ನ ಕೊಡಗು ಮತ್ತು ಉತ್ತರ ಕನ್ನಡದ ಜಿಲ್ಲಾಡಳಿತಗಳು ಇದಕ್ಕೆಂದೇ ಐದು ವರ್ಷದ ಅನುದಾನವನ್ನು ತಮ್ಮ ವಿಪತ್ತು ಯೋಜನೆಯಲ್ಲಿ ಸೇರಿಸಲಿ.